ದೇಶದೇಶಗಳ ಒಪ್ಪಂದದ ಮೇಜಿಗೆ ನಮ್ಮ ಮಾತು ತಲುಪುವುದು ಹೇಗೆ?



ಬೆಳಿಗ್ಗೆ ಸಂಘಕ್ಕೆ ಹಾಲು ಹಾಕುವಾಗ ನಾವು ಗಮನಿಸುವುದು ಮೂರೇ ಸಂಗತಿ: ಜಿಡ್ಡು ಎಷ್ಟು ಬಂತು, ಎಸ್‌ಎನ್‌ಎಫ್ ಎಷ್ಟು ಬಂತು, ಲೀಟರಿಗೆ ಎಷ್ಟು ರೂಪಾಯಿ ಬಿತ್ತು. ದರ ಹೆಚ್ಚಿಸಿ ಎಂದು ಕೇಳಬೇಕಾದರೆ ಕಾರ್ಯದರ್ಶಿಯನ್ನು ಕೇಳುತ್ತೇವೆ, ಇಲ್ಲವೇ ವಾರ್ಷಿಕ ಸಭೆಯಲ್ಲಿ ಒಕ್ಕೂಟದ ನಿರ್ದೇಶಕರನ್ನು ಕೇಳುತ್ತೇವೆ. ಕೇಳಬೇಕಾದದ್ದೇ. ಆದರೆ ಒಕ್ಕೂಟವೂ ತನಗೆ ತೋಚಿದ ದರ ಕೊಡಲು ಬರುವುದಿಲ್ಲ. ಪ್ಯಾಕೆಟ್ ಹಾಲಾಗಿ ಮಾರಿ ಉಳಿದ ಹಾಲನ್ನು ಅದು ಪುಡಿ ಮಾಡುತ್ತದೆ, ಬೆಣ್ಣೆ ಮಾಡುತ್ತದೆ. ಆ ಪುಡಿ, ಆ ಬೆಣ್ಣೆ ದೇಶದ ಮಾರುಕಟ್ಟೆಯಲ್ಲಿ ಯಾವ ಬೆಲೆಗೆ ಹೋಗುತ್ತದೋ ಅದರ ಮೇಲೆ ನಮ್ಮ ಬಟವಾಡೆ ನಿಂತಿದೆ. ದೇಶದ ಮಾರುಕಟ್ಟೆಗೆ ಒಂದು ಹೆಬ್ಬಾಗಿಲಿದೆ. ಹೊರದೇಶದ ಪುಡಿ, ಬೆಣ್ಣೆ ಒಳಗೆ ಬರಬೇಕೆ, ಎಷ್ಟು ಸುಂಕ ಕೊಟ್ಟು ಬರಬೇಕು ಎಂಬುದು ಆ ಬಾಗಿಲಿನಲ್ಲಿ ತೀರ್ಮಾನವಾಗುತ್ತದೆ.

ಈ ತೀರ್ಮಾನ ಎಷ್ಟೋ ಸಲ ಒಂದೇ ದೇಶದ ಸರ್ಕಾರದ್ದಾಗಿರುವುದಿಲ್ಲ. ಹತ್ತು ಹದಿನೈದು ದೇಶಗಳ ಸರ್ಕಾರಗಳು ಒಟ್ಟಿಗೆ ಕುಳಿತು ಒಪ್ಪಂದ ಮಾಡಿಕೊಳ್ಳುತ್ತವೆ. ಆ ಮೇಜಿನ ಸುತ್ತ ಹಾಲು ಕರೆಯುವವರು ಯಾರೂ ಇರುವುದಿಲ್ಲ. ಹಾಗಾದರೆ ನಮ್ಮ ಮಾತು ಅಲ್ಲಿಗೆ ಹೋಗುವುದು ಹೇಗೆ? ಈ ತಿಂಗಳ ಪಾಠ ಅದನ್ನು ಕುರಿತದ್ದು. ಸಂಘದ ಮಾಸಿಕ ಸಭೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೇಳಿ ಚರ್ಚಿಸಲು ಅನುಕೂಲವಾಗುವಂತೆ ಇದನ್ನು ಬರೆದಿದೆ.

ಮೊದಲು ಒಂದೆರಡು ಪದಗಳು

ಆಮದು ಸುಂಕ: ಹೊರದೇಶದ ಸರಕು ನಮ್ಮ ಬಂದರಿಗೆ ಬಂದಾಗ ಸರ್ಕಾರ ಹಾಕುವ ತೆರಿಗೆ. ಸುಂಕ ಹೆಚ್ಚಿದ್ದರೆ ಆ ಸರಕು ಇಲ್ಲಿ ದುಬಾರಿಯಾಗುತ್ತದೆ. ಸುಂಕ ಇಲ್ಲದಿದ್ದರೆ ಅಗ್ಗವಾಗುತ್ತದೆ.

ಮುಕ್ತ ವ್ಯಾಪಾರ ಒಪ್ಪಂದ: ಎರಡು ಅಥವಾ ಹೆಚ್ಚು ದೇಶಗಳು 'ನಿನ್ನ ಸರಕಿಗೆ ನಾನು ಸುಂಕ ಇಳಿಸುತ್ತೇನೆ, ನನ್ನ ಸರಕಿಗೆ ನೀನು ಇಳಿಸು' ಎಂದು ಮಾಡಿಕೊಳ್ಳುವ ಕರಾರು.

ಪ್ರಾದೇಶಿಕ ಒಪ್ಪಂದ: ಒಂದು ಭಾಗದ ಹಲವು ದೇಶಗಳು ಸೇರಿ ಮಾಡಿಕೊಳ್ಳುವಂಥದ್ದು.

ನಾಗರಿಕ ಸಮಾಜ: ಸರ್ಕಾರವೂ ಅಲ್ಲದ, ಲಾಭದ ಕಂಪನಿಯೂ ಅಲ್ಲದ ಜನರ ಸಂಘಟನೆಗಳು. ರೈತ ಸಂಘ, ಕಾರ್ಮಿಕ ಸಂಘ, ಸ್ತ್ರೀಶಕ್ತಿ ಸಂಘ, ರೋಗಿಗಳ ಪರವಾಗಿ ಕೆಲಸ ಮಾಡುವ ಸಂಸ್ಥೆ, ಇವೆಲ್ಲ ಇದರಲ್ಲಿ ಸೇರುತ್ತವೆ. ಹಾಲು ಮಾರುವ ವ್ಯವಹಾರ ಮಾಡಿದರೂ ಸದಸ್ಯರದೇ ಒಡೆತನದಲ್ಲಿರುವ ನಮ್ಮ ಹಾಲು ಉತ್ಪಾದಕರ ಸಂಘಕ್ಕೂ ಇಲ್ಲಿ ಜಾಗವಿದೆ.

ಪುಡಿಯ ಲೆಕ್ಕ

ಒಂದು ಕಿಲೋ ಕೆನೆರಹಿತ ಹಾಲಿನ ಪುಡಿಗೆ ನೀರು ಬೆರೆಸಿದರೆ ಸುಮಾರು 11 ಲೀಟರ್ ಕೆನೆರಹಿತ ಹಾಲಾಗುತ್ತದೆ. ಅದಕ್ಕೆ ಬೆಣ್ಣೆಯ ಕೊಬ್ಬು ಸೇರಿಸಿದರೆ ಪ್ಯಾಕೆಟ್ಟಿಗೆ ತುಂಬುವ ಹಾಲು ಸಿದ್ಧ. ಪುಡಿ ತಿಂಗಳುಗಟ್ಟಲೆ ಕೆಡುವುದಿಲ್ಲ, ಹಡಗಿನಲ್ಲಿ ಎಷ್ಟು ದೂರವಾದರೂ ಹೋಗುತ್ತದೆ. ಆದ್ದರಿಂದ ಹಾಲಿನ ಅಂತರರಾಷ್ಟ್ರೀಯ ವ್ಯಾಪಾರದಲ್ಲಿ ಪುಡಿಗೆ ದೊಡ್ಡ ಪಾಲಿದೆ.

ಭಾರತ ಈ ಪುಡಿಯ ಮೇಲೆ ಶೇ. 60ರಷ್ಟು ಆಮದು ಸುಂಕ ಇಟ್ಟುಕೊಂಡಿದೆ. ಲೆಕ್ಕಕ್ಕಾಗಿ ಬಂದರಿನಲ್ಲಿ ಪುಡಿಯ ಬೆಲೆ ಕಿಲೋಗೆ 200 ರೂ. ಎಂದು ಇಟ್ಟುಕೊಳ್ಳಿ. ಸುಂಕ ಸೇರಿ ಅದು 320 ರೂ. ಆಗುತ್ತದೆ. ನಮ್ಮ ಒಕ್ಕೂಟ ತನ್ನ ಪುಡಿಯನ್ನು 280 ರೂ.ಗೆ ಮಾರಿದರೂ ಗಿರಾಕಿ ನಮ್ಮಲ್ಲಿಗೇ ಬರುತ್ತಾನೆ. ಸುಂಕ ಸೊನ್ನೆಯಾದರೆ ಹೊರಗಿನ ಪುಡಿ 200ಕ್ಕೇ ಸಿಗುತ್ತದೆ. ಆಗ ಒಕ್ಕೂಟ ಒಂದೋ 200ಕ್ಕೆ ಇಳಿಯಬೇಕು, ಇಲ್ಲವೇ ಪುಡಿಯನ್ನು ಗೋದಾಮಿನಲ್ಲಿ ಇಟ್ಟುಕೊಂಡು ಕೂರಬೇಕು. 280ರಿಂದ 200ಕ್ಕೆ ಇಳಿದರೆ ಕಿಲೋಗೆ 80 ರೂ. ನಷ್ಟ. ಅದನ್ನು 11 ಲೀಟರಿಗೆ ಹಂಚಿದರೆ ಲೀಟರಿಗೆ 7 ರೂ. ಮೀರುತ್ತದೆ. ಪುಡಿಯಾಗುವುದು ಎಲ್ಲ ಹಾಲೂ ಅಲ್ಲ, ಆದ್ದರಿಂದ ಅಷ್ಟೂ ನಮ್ಮ ಮೇಲೆ ಬೀಳಲಿಕ್ಕಿಲ್ಲ. ಆದರೂ ಹೊರೆ ಕೊನೆಗೆ ಇಳಿಯುವುದು ಕೊಟ್ಟಿಗೆಗೇ. ಇವು ಉದಾಹರಣೆಯ ಅಂಕಿಗಳು. ನಿಮ್ಮ ಒಕ್ಕೂಟದ ನಿಜವಾದ ಪುಡಿ ದರವನ್ನು ವಿಸ್ತರಣಾಧಿಕಾರಿಯಿಂದ ಕೇಳಿ ಇದೇ ಲೆಕ್ಕ ಮತ್ತೆ ಹಾಕಿ ನೋಡಿ.

ಈ ಶೇ. 60ರ ಸುಂಕ ಮೊದಲಿನಿಂದ ಇದ್ದದ್ದಲ್ಲ. ವಿಶ್ವ ವ್ಯಾಪಾರ ಸಂಸ್ಥೆ 1995ರಲ್ಲಿ ಹುಟ್ಟುವ ಮುನ್ನ ನಡೆದ ಮಾತುಕತೆಯಲ್ಲಿ, ಹಾಲಿನ ಪುಡಿಯ ಮೇಲೆ ಸುಂಕ ಹಾಕುವುದಿಲ್ಲವೆಂದು ಭಾರತ ಒಪ್ಪಿಕೊಂಡಿತ್ತು. ಮುಂದೆ ಅಪಾಯ ಅರಿವಾಗಿ, ಬೇರೆ ದೇಶಗಳ ಜತೆ ಮತ್ತೆ ಮಾತುಕತೆ ನಡೆಸಿ, 2000ದ ಹೊತ್ತಿಗೆ ಸುಂಕವನ್ನು ಶೇ. 60ಕ್ಕೆ ಏರಿಸುವ ಹಕ್ಕು ಪಡೆಯಿತು. ಅದೂ ಬಿಟ್ಟಿಯಾಗಿ ಸಿಗಲಿಲ್ಲ. ವರ್ಷಕ್ಕೆ 10,000 ಟನ್ ಪುಡಿಯನ್ನು ಕೇವಲ ಶೇ. 15ರ ಸುಂಕದಲ್ಲಿ ಒಳಗೆ ಬಿಡಲು ಒಪ್ಪಬೇಕಾಯಿತು. 10,000 ಟನ್ ಎಂದರೆ ಸುಮಾರು 11 ಕೋಟಿ ಲೀಟರ್ ಕೆನೆರಹಿತ ಹಾಲಿಗೆ ಸಮ. ಕರ್ನಾಟಕದ ಎಲ್ಲ ಒಕ್ಕೂಟಗಳ ದಿನದ ಸಂಗ್ರಹ ಒಂದು ಕೋಟಿ ಲೀಟರ್ ದಾಟಿದ್ದು 2024ರ ಜೂನ್‌ನಲ್ಲಿ. ಆ ಲೆಕ್ಕದಲ್ಲಿ ಅದು ನಮ್ಮ ರಾಜ್ಯದ ಹನ್ನೊಂದು ದಿನದ ಹಾಲು.

ಇದರಿಂದ ಕಲಿಯಬೇಕಾದ ಮೊದಲ ಪಾಠ: ಸಹಿ ಹಾಕುವ ಮುನ್ನ ಆಡಿದ ಒಂದು ಮಾತಿಗೆ ಇರುವ ಬೆಲೆ, ಸಹಿ ಬಿದ್ದ ಮೇಲೆ ಆಡಿದ ನೂರು ಮಾತಿಗೆ ಇರುವುದಿಲ್ಲ.

ಹದಿನಾರು ದೇಶಗಳ ಮೇಜು

2012ರ ನವೆಂಬರ್‌ನಲ್ಲಿ ಕಾಂಬೋಡಿಯಾದ ರಾಜಧಾನಿ ನೋಮ್ ಪೆನ್‌ನಲ್ಲಿ ಒಂದು ದೊಡ್ಡ ಒಪ್ಪಂದದ ಮಾತುಕತೆಗೆ ಚಾಲನೆ ಸಿಕ್ಕಿತು. ಅದರ ಹೆಸರು ಪ್ರಾದೇಶಿಕ ಸಮಗ್ರ ಆರ್ಥಿಕ ಸಹಭಾಗಿತ್ವ. ಪತ್ರಿಕೆಗಳಲ್ಲಿ ಆರ್‌ಸಿಇಪಿ ಎಂದು ಬರುತ್ತಿತ್ತು. ಆಗ ಆಗ್ನೇಯ ಏಷ್ಯಾದ ಹತ್ತು ದೇಶಗಳ ಕೂಟವಾಗಿದ್ದ ಆಸಿಯಾನ್, ಅದರ ಜತೆಗೆ ಚೀನಾ, ಜಪಾನ್, ದಕ್ಷಿಣ ಕೊರಿಯಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ಭಾರತ, ಒಟ್ಟು ಹದಿನಾರು ದೇಶಗಳು.

ಹಾಲಿನ ವಿಷಯದಲ್ಲಿ ನಮಗೆ ಮುಖ್ಯವಾದದ್ದು ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾ. ನ್ಯೂಜಿಲೆಂಡ್‌ನ ಜನಸಂಖ್ಯೆ ಸುಮಾರು 50 ಲಕ್ಷ. ಅಲ್ಲಿ ವರ್ಷಕ್ಕೆ ಉತ್ಪಾದನೆಯಾಗುವ ಹಾಲು ಎರಡು ಕೋಟಿ ಟನ್‌ಗೂ ಹೆಚ್ಚು. ಅದರಲ್ಲಿ ಸುಮಾರು ಶೇ. 95ರಷ್ಟು ಹೊರದೇಶಕ್ಕೆ ಹೋಗುತ್ತದೆ. ಅಲ್ಲಿನ ಒಂದು ಸಾಧಾರಣ ಹಿಂಡಿನಲ್ಲಿ ನಾನೂರಕ್ಕೂ ಹೆಚ್ಚು ಹಸುಗಳು. ನಮ್ಮಲ್ಲಿ ಎರಡು ಮೂರು ಹಸು ಕಟ್ಟಿದವರೇ ಹೆಚ್ಚು. ಭಾರತ 2018-19ರಲ್ಲಿ ಉತ್ಪಾದಿಸಿದ ಹಾಲು ಸುಮಾರು 18.8 ಕೋಟಿ ಟನ್; ಅಂದರೆ ನ್ಯೂಜಿಲೆಂಡ್‌ನ ಒಂಬತ್ತು ಪಟ್ಟು. ಆದರೆ ನಮ್ಮ ಹಾಲನ್ನು ಬಹುಪಾಲು ನಾವೇ ಕುಡಿಯುತ್ತೇವೆ, ಅವರ ಹಾಲು ಬಹುಪಾಲು ಗಿರಾಕಿ ಹುಡುಕಿಕೊಂಡು ಹಡಗು ಹತ್ತುತ್ತದೆ.

ನ್ಯೂಜಿಲೆಂಡ್‌ನ ರೈತರನ್ನು ಇಲ್ಲಿ ಶತ್ರುಗಳೆಂದು ಭಾವಿಸಬೇಕಿಲ್ಲ. ಅಲ್ಲಿನ ದೊಡ್ಡ ಹಾಲಿನ ಸಂಸ್ಥೆ ಫಾಂಟೆರಾ ಕೂಡ ರೈತರದೇ ಸಹಕಾರಿ, 2001ರಲ್ಲಿ ಹುಟ್ಟಿದ್ದು. ತಮ್ಮ ಹಾಲಿಗೆ ಮಾರುಕಟ್ಟೆ ಹುಡುಕಿಕೊಡಿ ಎಂದು ಅವರು ತಮ್ಮ ಸರ್ಕಾರವನ್ನು ಕೇಳುತ್ತಾರೆ. ನಮ್ಮ ಹಾಲಿಗೆ ಇರುವ ಮಾರುಕಟ್ಟೆ ಉಳಿಸಿಕೊಡಿ ಎಂದು ನಾವು ನಮ್ಮ ಸರ್ಕಾರವನ್ನು ಕೇಳುತ್ತೇವೆ. ಇಬ್ಬರ ಮಾತೂ ಮೇಜಿಗೆ ಹೋಗಬೇಕು. ತೊಂದರೆ ಬರುವುದು ಒಬ್ಬರ ಮಾತಷ್ಟೇ ಹೋದಾಗ.

ಬಾಗಿಲು ಮುಚ್ಚಿದ ಮಾತುಕತೆ

ಆರ್‌ಸಿಇಪಿ ಮಾತುಕತೆಯ ಕರಡುಗಳನ್ನು ಸರ್ಕಾರಗಳು ಪ್ರಕಟಿಸಲಿಲ್ಲ. ಇಂಥ ಮಾತುಕತೆಗಳಲ್ಲಿ ಗುಟ್ಟು ಕಾಯುವುದು ರೂಢಿ. ತನ್ನ ಕೊನೆಯ ಬೆಲೆ ಎಷ್ಟೆಂದು ಸಂತೆಯಲ್ಲಿ ಯಾರೂ ಮೊದಲೇ ಹೇಳುವುದಿಲ್ಲ ಎಂಬುದು ಅಧಿಕಾರಿಗಳ ವಾದ. ಅದರಲ್ಲಿ ಸತ್ಯವಿದೆ. ಆದರೆ ಮಾರುವ ಹಸು ನಮ್ಮದಾಗಿದ್ದರೆ, ವ್ಯಾಪಾರ ಮಾಡುವವರು ನಮ್ಮನ್ನು ಒಂದು ಮಾತು ಕೇಳಬೇಕಲ್ಲವೇ?

ನಮ್ಮ ಸಂವಿಧಾನದ ಏರ್ಪಾಡನ್ನೂ ತಿಳಿದಿರಬೇಕು. ಕೃಷಿ, ಪಶುಸಂಗೋಪನೆ, ಸಹಕಾರ ಸಂಘಗಳು ರಾಜ್ಯ ಪಟ್ಟಿಯಲ್ಲಿವೆ. ಹೊರದೇಶಗಳ ಜತೆಗಿನ ಒಪ್ಪಂದ ಮತ್ತು ವ್ಯಾಪಾರ ಕೇಂದ್ರ ಪಟ್ಟಿಯಲ್ಲಿವೆ. ಆದ್ದರಿಂದ ಹಾಲಿನ ಬಗ್ಗೆ ಹೊರದೇಶದೊಡನೆ ಮಾತಾಡುವುದು ಕೇಂದ್ರದ ವಾಣಿಜ್ಯ ಸಚಿವಾಲಯ. ಪರಿಣಾಮ ಅನುಭವಿಸುವುದು ರಾಜ್ಯದ ರೈತ ಮಹಿಳೆ. ಒಪ್ಪಂದಕ್ಕೆ ಸಹಿ ಹಾಕಲು ಸಂಸತ್ತಿನ ಮುಂಗಡ ಒಪ್ಪಿಗೆ ಬೇಕೆಂಬ ನಿಯಮವೂ ನಮ್ಮಲ್ಲಿ ಇಲ್ಲ. ಸಂಸತ್ತಿನ ಸ್ಥಾಯಿ ಸಮಿತಿ ವಿಷಯವನ್ನು ಪರಿಶೀಲಿಸಿ ಅಭಿಪ್ರಾಯ ಕೊಡಬಹುದು, ಅಷ್ಟೇ. ಹೀಗಿರುವಾಗ ಜನರ ಸಂಘಟನೆಗಳು ತಾವಾಗಿ ಮಾತು ತಲುಪಿಸದಿದ್ದರೆ ಬೇರೆ ದಾರಿ ಕಡಿಮೆ.

2017ರ ಜುಲೈನಲ್ಲಿ ಆರ್‌ಸಿಇಪಿಯ ಒಂದು ಸುತ್ತಿನ ಮಾತುಕತೆ ಹೈದರಾಬಾದಿನಲ್ಲಿ ನಡೆಯಿತು. ಅದೇ ಹೊತ್ತಿಗೆ ರೈತರು, ಕಾರ್ಮಿಕರು, ಮಹಿಳಾ ಸಂಘಟನೆಗಳು, ಔಷಧ ಬೆಲೆಯ ಬಗ್ಗೆ ಕೆಲಸ ಮಾಡುವವರು ಅದೇ ಊರಿನಲ್ಲಿ ತಮ್ಮದೇ ಸಮಾವೇಶ ನಡೆಸಿದರು. ಹಾಲಿನ ಜತೆಗೆ ಬೀಜದ ಪ್ರಶ್ನೆಯೂ ಇತ್ತು. ಸೋರಿಕೆಯಾಗಿ ಹೊರಬಂದಿದ್ದ ಕರಡಿನಲ್ಲಿ, ಬೀಜ ಕಂಪನಿಗಳ ಹಕ್ಕನ್ನು ಹೆಚ್ಚಿಸುವ, ರೈತರು ಬೀಜ ಉಳಿಸಿ ಹಂಚಿಕೊಳ್ಳುವುದಕ್ಕೆ ಅಡ್ಡಿಯಾಗಬಹುದಾದ ಪ್ರಸ್ತಾಪಗಳಿದ್ದವು. ಅಗ್ಗದ ಔಷಧಿಗೆ ತೊಡಕಾಗುವ ಪ್ರಸ್ತಾಪಗಳೂ ಇದ್ದವು. ಹೀಗೆ ಬೇರೆ ಬೇರೆ ಕಷ್ಟದ ಜನ ಒಂದೇ ಒಪ್ಪಂದದ ಬಗ್ಗೆ ಒಟ್ಟಿಗೆ ಮಾತಾಡತೊಡಗಿದರು.

2019ರ ಅಕ್ಟೋಬರ್, ನವೆಂಬರ್

ಒಪ್ಪಂದ ಸಹಿಯ ಹತ್ತಿರ ಬಂದದ್ದು 2019ರಲ್ಲಿ. ಆ ವರ್ಷ ಹಾಲಿನ ವಲಯದ ದನಿ ಜೋರಾಯಿತು. ಅಮುಲ್‌ನಂಥ ಸಹಕಾರಿ ಸಂಸ್ಥೆಯ ಮುಖ್ಯಸ್ಥರು ಅಂಕಿಅಂಶ ಹಿಡಿದು ಸರ್ಕಾರದ ಮುಂದೆ, ಪತ್ರಿಕೆಗಳ ಮುಂದೆ ಮಾತಾಡಿದರು. ಗುಜರಾತಿನಲ್ಲಿ ಸಾವಿರಾರು ಹಾಲು ಉತ್ಪಾದಕ ಮಹಿಳೆಯರು ಹಾಲನ್ನು ಒಪ್ಪಂದದಿಂದ ಹೊರಗಿಡಿ ಎಂದು ಪ್ರಧಾನಿಗೆ ಅಂಚೆ ಕಾರ್ಡ್ ಬರೆದರು. ಕರ್ನಾಟಕದಲ್ಲಿ ಅಕ್ಟೋಬರ್ ತಿಂಗಳಲ್ಲಿ ರೈತ ಸಂಘ ಬೀದಿಗಿಳಿಯಿತು. ಕೇರಳ ಸರ್ಕಾರ ಬಹಿರಂಗವಾಗಿ ವಿರೋಧ ಹೇಳಿತು. ಎಡಪಕ್ಷಗಳ ಕಿಸಾನ್ ಸಭಾ ಪ್ರತಿಭಟಿಸಿತು. ಸಂಘ ಪರಿವಾರದ ಸ್ವದೇಶಿ ಜಾಗರಣ ಮಂಚವೂ ಪ್ರತಿಭಟಿಸಿತು. ಬೇರೆ ಯಾವ ವಿಷಯದಲ್ಲೂ ಒಂದಾಗದವರು ಈ ಒಂದು ವಿಷಯದಲ್ಲಿ ಒಂದೇ ಮಾತು ಆಡಿದರು. ನವೆಂಬರ್ 4ರಂದು ಹಲವು ರೈತ ಸಂಘಟನೆಗಳ ಸಮನ್ವಯ ಸಮಿತಿ ದೇಶವ್ಯಾಪಿ ಪ್ರತಿಭಟನಾ ದಿನಕ್ಕೆ ಕರೆ ಕೊಟ್ಟಿತ್ತು.

ಅದೇ ದಿನ, 2019ರ ನವೆಂಬರ್ 4ರಂದು, ಬ್ಯಾಂಕಾಕ್ ಶೃಂಗಸಭೆಯಲ್ಲಿ ಭಾರತ ಈ ಒಪ್ಪಂದಕ್ಕೆ ಸೇರುವುದಿಲ್ಲ ಎಂದು ಪ್ರಧಾನಿ ನರೇಂದ್ರ ಮೋದಿ ತಿಳಿಸಿದರು. ಕಡು ಬಡವನ ಮುಖ ನೆನೆದು ತೀರ್ಮಾನ ಮಾಡು ಎಂಬ ಗಾಂಧೀಜಿಯ ಮಾತನ್ನು ಅವರು ಅಲ್ಲಿ ಪ್ರಸ್ತಾಪಿಸಿದರು. ಉಳಿದ ಹದಿನೈದು ದೇಶಗಳು 2020ರ ನವೆಂಬರ್ 15ರಂದು ಸಹಿ ಹಾಕಿದವು. 2022ರ ಜನವರಿ 1ರಿಂದ ಒಪ್ಪಂದ ಜಾರಿಗೆ ಬಂತು. ಭಾರತ ಬಯಸಿದರೆ ಮುಂದೆ ಸೇರಬಹುದು ಎಂದು ಬಾಗಿಲನ್ನು ತೆರೆದೇ ಇಟ್ಟಿದ್ದಾರೆ.

ಎಲ್ಲವೂ ನಮ್ಮಿಂದಲೇ ಆಯಿತೇ?

ಇಲ್ಲ. ಇದನ್ನು ನೇರವಾಗಿಯೇ ತಿಳಿದುಕೊಳ್ಳಬೇಕು. ಚೀನಾದ ಜತೆ ನಮ್ಮ ವ್ಯಾಪಾರದ ಕೊರತೆ ಆಗಲೇ ದೊಡ್ಡದಿತ್ತು. ಸುಂಕ ಇಳಿಸಲು ಯಾವ ವರ್ಷವನ್ನು ಆಧಾರವಾಗಿ ಇಟ್ಟುಕೊಳ್ಳಬೇಕು ಎಂಬ ತಕರಾರಿತ್ತು. ಆಮದು ಒಮ್ಮೆಲೇ ನುಗ್ಗಿದರೆ ತಡೆಯುವ ಏರ್ಪಾಡು ಬೇಕೆಂದು ಭಾರತ ಕೇಳಿತ್ತು. ಉಕ್ಕು, ಬಟ್ಟೆ ಮೊದಲಾದ ಉದ್ಯಮದವರೂ ಆತಂಕ ಹೇಳಿದ್ದರು. ಇಷ್ಟೆಲ್ಲ ಕಾರಣಗಳ ನಡುವೆ ಹಾಲೂ ಒಂದು ಕಾರಣ.

ಹಾಲಿನ ಮಾತು ಅಲ್ಲಿ ತೂಕ ಪಡೆದದ್ದಕ್ಕೆ ಮೂರು ಸಂಗತಿ ಕಾರಣ ಎನ್ನಬಹುದು. ಒಂದು, ಸಂಘಟನೆ: ಹಳ್ಳಿಯ ಸಂಘ, ಜಿಲ್ಲೆಯ ಒಕ್ಕೂಟ, ರಾಜ್ಯದ ಮಹಾಮಂಡಳ ಎಂಬ ಏಣಿ ಮೊದಲೇ ಸಿದ್ಧವಿತ್ತು. ಎರಡು, ಅಂಕಿಅಂಶ: ಎಷ್ಟು ಮನೆ, ಎಷ್ಟು ಲೀಟರ್, ಎಷ್ಟು ನಷ್ಟ ಎಂದು ಹೇಳಲು ಸಾಧ್ಯವಾಯಿತು. ಮೂರು, ಹೊತ್ತು: ಸಹಿ ಬೀಳುವ ಮುನ್ನ ಮಾತಾಡಿದರು. ಮುಂದಿನ ಒಪ್ಪಂದಗಳಲ್ಲೂ ಇದರ ನೆರಳು ಕಾಣುತ್ತದೆ. ಆಸ್ಟ್ರೇಲಿಯಾ ಜತೆ 2022ರ ಏಪ್ರಿಲ್‌ನಲ್ಲಿ, ಬ್ರಿಟನ್ ಜತೆ 2025ರ ಜುಲೈನಲ್ಲಿ ಸಹಿಯಾದ ಒಪ್ಪಂದಗಳಲ್ಲಿ ಭಾರತ ಹಾಲಿನ ಉತ್ಪನ್ನಗಳನ್ನು ಸುಂಕ ರಿಯಾಯಿತಿಯಿಂದ ಹೊರಗಿಟ್ಟಿದೆ.

ಎದುರು ವಾದವನ್ನೂ ಕೇಳಿಸಿಕೊಳ್ಳೋಣ. ಒಪ್ಪಂದದಿಂದ ದೂರ ನಿಂತರೆ ನಮ್ಮ ಬಟ್ಟೆಗೆ, ಔಷಧಿಗೆ, ಸಾಫ್ಟ್‌ವೇರ್‌ಗೆ ಹೊರಗಿನ ಮಾರುಕಟ್ಟೆ ಕಡಿಮೆಯಾಗುತ್ತದೆ. ಹಾಲು ಕೊಳ್ಳುವ ಪಟ್ಟಣದ ಬಡವರಿಗೆ ಅಗ್ಗದ ಹಾಲು ತಪ್ಪುತ್ತದೆ ಎನ್ನುವವರಿದ್ದಾರೆ. ಅವರ ಮಾತನ್ನು ತಳ್ಳಿಹಾಕಬೇಕಿಲ್ಲ. ನಾವು ಕೊಡಬೇಕಾದ ಉತ್ತರ ಇಷ್ಟು: ಎಲ್ಲ ಒಪ್ಪಂದವೂ ಬೇಡ ಎನ್ನುವುದಿಲ್ಲ. ಬದಲಿ ಸಂಪಾದನೆ ಇಲ್ಲದ ಮನೆಗಳ ದಿನನಿತ್ಯದ ಬದುಕನ್ನು ಪಣಕ್ಕಿಡುವ ಮುನ್ನ ಆ ಮನೆಗಳವರನ್ನು ಕೇಳಿ.

ಬೇರೆ ಕಡೆ ಏನಾಯಿತು?

*ಆಸಿಯಾನ್:* ಆಗ್ನೇಯ ಏಷ್ಯಾದ ಜನಸಂಘಟನೆಗಳು 2005ರಿಂದ ತಮ್ಮದೇ ಸಮಾವೇಶ ನಡೆಸುತ್ತ ಬಂದಿವೆ. ನಾಯಕರ ಶೃಂಗಸಭೆಯ ಹೊತ್ತಿಗೆ ಜನರ ಪ್ರತಿನಿಧಿಗಳು ಕೆಲ ನಿಮಿಷ ನಾಯಕರ ಮುಂದೆ ಮಾತಾಡುವ ಏರ್ಪಾಡೂ ಆಯಿತು. 2009ರ ಅಕ್ಟೋಬರ್‌ನಲ್ಲಿ ಥಾಯ್ಲೆಂಡಿನಲ್ಲಿ ಸಭೆ ಸೇರಿದಾಗ ಐದು ದೇಶಗಳ ಸರ್ಕಾರಗಳು, ಜನಸಂಘಟನೆಗಳು ಆರಿಸಿ ಕಳಿಸಿದ್ದ ಪ್ರತಿನಿಧಿಗಳನ್ನು ಒಪ್ಪಲಿಲ್ಲ. ಕೆಲವು ಸರ್ಕಾರಗಳು ತಮಗೆ ಬೇಕಾದವರನ್ನೇ ಆ ಜಾಗದಲ್ಲಿ ಕೂರಿಸಿದವು. ಉಳಿದ ಪ್ರತಿನಿಧಿಗಳಲ್ಲಿ ಕೆಲವರು ಎದ್ದು ಹೊರಬಂದರು. ಪಾಠ: ಕುರ್ಚಿ ಸಿಕ್ಕಿತೆಂದ ಮಾತ್ರಕ್ಕೆ ಆಗಲಿಲ್ಲ, ಅದರಲ್ಲಿ ಕೂರುವವರನ್ನು ಆರಿಸುವವರು ಯಾರು ಎಂಬುದು ಮುಖ್ಯ. ನಮ್ಮ ಸಂಘದ ಆಡಳಿತ ಮಂಡಳಿಯ ಚುನಾವಣೆಗೂ ಈ ಮಾತು ಸಲ್ಲುತ್ತದೆ.

*ಪಶ್ಚಿಮ ಆಫ್ರಿಕಾ:* ಅಲ್ಲಿನ ದೇಶಗಳ ಕೂಟದ ಹೆಸರು ಎಕೋವಾಸ್. 2000ದಲ್ಲಿ ಆ ಭಾಗದ ರೈತ ಸಂಘಟನೆಗಳು ಸೇರಿ ರೊಪ್ಪಾ ಎಂಬ ಒಕ್ಕೂಟ ಕಟ್ಟಿದವು. 2005ರಲ್ಲಿ ಎಕೋವಾಸ್ ತನ್ನ ಕೃಷಿ ನೀತಿ ರೂಪಿಸುವಾಗ ರೊಪ್ಪಾ ಚರ್ಚೆಯಲ್ಲಿ ಭಾಗವಹಿಸಿತು. ಎಲ್ಲ ದೇಶಗಳಿಗೂ ಒಂದೇ ಸುಂಕ ಎಂಬ ಏರ್ಪಾಡು ಬಂದಾಗ, ಸ್ಥಳೀಯ ಬೆಳೆ ಉಳಿಸಲು ಹೆಚ್ಚಿನ ಸುಂಕದ ದರ್ಜೆ ಬೇಕೆಂದು ರೈತರು ಒತ್ತಾಯಿಸಿದರು. ಶೇ. 35ರ ಹೊಸ ದರ್ಜೆ ಸೇರಿತು. ಆದರೆ ಹಾಲಿನ ಪುಡಿ ಆ ದರ್ಜೆಗೆ ಸೇರಲಿಲ್ಲ. 2015ರಿಂದ ಜಾರಿಯಾದ ಪಟ್ಟಿಯಲ್ಲಿ ಪುಡಿಗೆ ಶೇ. 5ರ ಸುಂಕವೇ ಉಳಿಯಿತು. ಅಲ್ಲಿನ ಫುಲಾನಿ ಪಶುಪಾಲಕ ಕುಟುಂಬಗಳಲ್ಲಿ ಹಾಲು ಮಾರುವುದು ಸಾಮಾನ್ಯವಾಗಿ ಹೆಂಗಸರ ಕೆಲಸ. ತಲೆಯ ಮೇಲೆ ಸೋರೆಬುರುಡೆಯಲ್ಲಿ ಹಾಲು ಹೊತ್ತು ಪೇಟೆಗೆ ಬಂದರೆ, ಅಲ್ಲಿ ಯೂರೋಪಿನ ಪುಡಿಯಿಂದ, ಎಷ್ಟೋ ಸಲ ತಾಳೆ ಎಣ್ಣೆ ಬೆರೆಸಿದ ಪುಡಿಯಿಂದ ಮಾಡಿದ ಅಗ್ಗದ ಹಾಲು ಎದುರಿಗಿರುತ್ತದೆ. 2018ರಿಂದ ಅಲ್ಲಿನ ಹಾಲು ಉತ್ಪಾದಕರು 'ನನ್ನ ಹಾಲು ಸ್ಥಳೀಯ' ಎಂಬ ಆಂದೋಲನ ನಡೆಸುತ್ತಿದ್ದಾರೆ. ಶೇ. 60 ಮತ್ತು ಶೇ. 5ರ ನಡುವಿನ ಅಂತರ ಎಂದರೆ ಏನೆಂದು ಆ ಸೋದರಿಯರನ್ನು ಕೇಳಬೇಕು.

*ದಕ್ಷಿಣ ಅಮೆರಿಕ:* ಬ್ರೆಜಿಲ್, ಅರ್ಜೆಂಟೀನಾ, ಉರುಗ್ವೆ, ಪರಾಗ್ವೆ ದೇಶಗಳು ಸೇರಿ ಕಟ್ಟಿಕೊಂಡ ಮೆರ್ಕೋಸುರ್ ಎಂಬ ಕೂಟವಿದೆ. ಅಲ್ಲಿನ ಸಣ್ಣ ರೈತರ ಸಂಘಟನೆಗಳು 1994ರಲ್ಲೇ ಗಡಿ ದಾಟಿ ಒಂದಾದವು. ಹತ್ತು ವರ್ಷ ಒತ್ತಾಯಿಸಿದ ಮೇಲೆ, 2004ರಲ್ಲಿ ಕುಟುಂಬ ಕೃಷಿಗಾಗಿಯೇ ಒಂದು ವಿಶೇಷ ಸಭೆ ಸ್ಥಾಪನೆಯಾಯಿತು. ಇದರಲ್ಲಿ ಸರ್ಕಾರದ ಅಧಿಕಾರಿಗಳೂ ರೈತ ಸಂಘಟನೆಯವರೂ ಒಂದೇ ಮೇಜಿನಲ್ಲಿ ಕೂರುತ್ತಾರೆ. ಅದಕ್ಕೆ ಮುನ್ನ ಪ್ರತಿ ದೇಶದೊಳಗೆ ತಯಾರಿ ಸಭೆ ನಡೆಯುತ್ತದೆ. ರೈತ ಮಹಿಳೆಯರ ವಿಷಯಕ್ಕೆ, ಯುವಜನರ ವಿಷಯಕ್ಕೆ ಪ್ರತ್ಯೇಕ ಗುಂಪುಗಳಿವೆ. ಸಣ್ಣ ರೈತ ಎಂದರೆ ಯಾರು ಎಂದು ಒಪ್ಪಿತ ವ್ಯಾಖ್ಯೆ ಮಾಡಿ, ಅವರ ನೋಂದಣಿ ಪಟ್ಟಿ ತಯಾರಿಸಿದ್ದು ಈ ಸಭೆಯ ದೊಡ್ಡ ಕೆಲಸ. ಪಟ್ಟಿಯಲ್ಲಿ ಹೆಸರಿದ್ದರೆ ತಾನೇ ಸಾಲ, ಸಹಾಯ, ರಕ್ಷಣೆ ಕೇಳಲು ಬರುವುದು?

ಕೊಡಗಿನ ಮೆಣಸಿನಿಂದ ಒಂದು ಪಾಠ

ನಮ್ಮ ರಾಜ್ಯದಲ್ಲೇ ಇನ್ನೊಂದು ಉದಾಹರಣೆ ಇದೆ. ವಿಯೆಟ್ನಾಂನ ಅಗ್ಗದ ಕಾಳುಮೆಣಸು ಶ್ರೀಲಂಕಾದ ಮೂಲಕ, ಅಲ್ಲಿಯದೇ ಬೆಳೆ ಎಂಬ ಹೆಸರಿನಲ್ಲಿ, ಆ ದೇಶದ ಜತೆಗಿನ ಒಪ್ಪಂದದ ಸುಂಕ ರಿಯಾಯಿತಿ ಬಳಸಿ ಒಳಗೆ ಬರುತ್ತಿದೆ ಎಂದು ಕೊಡಗು, ಚಿಕ್ಕಮಗಳೂರು, ಹಾಸನ ಭಾಗದ ಬೆಳೆಗಾರರ ಸಂಘಟನೆಗಳು ದೂರಿದವು. ಬಿಡದೆ ಮನವಿ ಕೊಟ್ಟವು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಆಮದು ಮೆಣಸಿಗೆ ಕಿಲೋಗೆ 500 ರೂ. ಕನಿಷ್ಠ ಬೆಲೆ ನಿಗದಿ ಮಾಡಿತು. ಒಪ್ಪಂದದಲ್ಲಿ 'ಸರಕು ಎಲ್ಲಿಯದು' ಎಂಬ ನಿಯಮ ಸಡಿಲವಾಗಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಹಾಲಿನ ಪುಡಿಗೂ ಇದು ಅನ್ವಯಿಸುತ್ತದೆ. ಹಾಲು ಹೊರಗಿಟ್ಟ ಒಪ್ಪಂದವನ್ನೂ ಓದುವವರು ಬೇಕು, ಕಾಯುವವರು ಬೇಕು.

ನಮ್ಮ ಸಂಘದಲ್ಲಿ ಏನು ಮಾಡಬಹುದು?

1. ಸದಸ್ಯತ್ವ ಯಾರ ಹೆಸರಿನಲ್ಲಿದೆ ನೋಡಿ. ಹುಲ್ಲು ತರುವವಳು, ಕೊಟ್ಟಿಗೆ ಬಳಿಯುವವಳು, ಹಾಲು ಕರೆಯುವವಳು ನೀವಾಗಿದ್ದು, ಷೇರು ಮತ್ತು ಮತ ಮನೆಯ ಗಂಡಸರ ಹೆಸರಿನಲ್ಲಿದ್ದರೆ ನಿಮ್ಮ ಮಾತು ಮೊದಲ ಮೆಟ್ಟಿಲಲ್ಲೇ ನಿಲ್ಲುತ್ತದೆ. ಕಾರ್ಯದರ್ಶಿಯಿಂದ ಅರ್ಜಿ ಪಡೆದು ನಿಮ್ಮ ಹೆಸರಿನಲ್ಲಿ ಸದಸ್ಯತ್ವ ಮಾಡಿಸಿಕೊಳ್ಳಿ.

2. ಲೆಕ್ಕ ಬರೆದಿಡಿ. ಒಂದು ನೋಟ್‌ಬುಕ್ಕಿನಲ್ಲಿ ಮೂರು ತಿಂಗಳು ಬರೆಯಿರಿ: ಪಶು ಆಹಾರ, ಹಿಂಡಿ, ಬೂಸಾ, ಒಣಹುಲ್ಲು, ಖನಿಜ ಮಿಶ್ರಣ, ಔಷಧಿ, ಕೃತಕ ಗರ್ಭಧಾರಣೆ, ವಿಮೆ, ಸಾಲದ ಬಡ್ಡಿ. ಇದರ ಜತೆಗೆ ನಿಮ್ಮ ದುಡಿಮೆಯ ಗಂಟೆಗಳನ್ನೂ ಬರೆಯಿರಿ. ದಿನಕ್ಕೆ ನಾಲ್ಕು ಗಂಟೆಯಾದರೆ ತಿಂಗಳಿಗೆ 120 ಗಂಟೆ. ಇದಕ್ಕೆ ಕೂಲಿ ಹಾಕದೆ ಲಾಭ ಎಂದು ಹೇಳಿಕೊಂಡರೆ ನಮ್ಮನ್ನು ನಾವೇ ವಂಚಿಸಿಕೊಂಡಂತೆ. ಮೇಜಿನ ಮುಂದೆ ಕೂತವರಿಗೆ 'ಕಷ್ಟ' ಎಂಬ ಮಾತಿಗಿಂತ 'ಲೀಟರಿಗೆ ಖರ್ಚು ಇಷ್ಟು, ಕೈಗೆ ಬರುವುದು ಇಷ್ಟು' ಎಂಬ ಮಾತು ಬೇಗ ಅರ್ಥವಾಗುತ್ತದೆ.

3. ಠರಾವು ಮಾಡಿ. ವಾರ್ಷಿಕ ಸರ್ವಸದಸ್ಯರ ಸಭೆಯ ಕಾರ್ಯಸೂಚಿಯಲ್ಲಿ ವಿಷಯ ಸೇರಿಸಲು ಮೊದಲೇ ಬರೆದುಕೊಡಿ. ಬಾಯಿಮಾತು ಸಭೆ ಮುಗಿದ ಕೂಡಲೇ ಕರಗುತ್ತದೆ. ನಡಾವಳಿ ಪುಸ್ತಕದಲ್ಲಿ ಬರೆದದ್ದು ಉಳಿಯುತ್ತದೆ. ಮಾದರಿ ಹೀಗಿರಬಹುದು:

"......... ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘದ ಸರ್ವಸದಸ್ಯರ ಸಭೆಯು ಹೀಗೆ ತೀರ್ಮಾನಿಸಿದೆ: ನಮ್ಮ ಸಂಘದಲ್ಲಿ ...... ಸದಸ್ಯೆಯರು ದಿನಕ್ಕೆ ...... ಲೀಟರ್ ಹಾಲು ಹಾಕುತ್ತಿದ್ದು, ...... ಕುಟುಂಬಗಳಿಗೆ ಇದೇ ಮುಖ್ಯ ಆದಾಯ. ಹೊರದೇಶಗಳೊಡನೆ ಮಾಡಿಕೊಳ್ಳುವ ಯಾವುದೇ ಒಪ್ಪಂದದಲ್ಲಿ ಹಾಲು ಮತ್ತು ಹಾಲಿನ ಉತ್ಪನ್ನಗಳ ಆಮದು ಸುಂಕ ಬದಲಿಸುವ ಮುನ್ನ ಹಾಲು ಸಹಕಾರ ಸಂಘಗಳ ಮಹಿಳಾ ಪ್ರತಿನಿಧಿಗಳ ಅಭಿಪ್ರಾಯ ಪಡೆಯಬೇಕೆಂದು ಕೋರುತ್ತೇವೆ."

4. ಏಣಿಯ ಪ್ರತಿ ಮೆಟ್ಟಿಲಿಗೂ ಕಳಿಸಿ. ಠರಾವಿನ ನಕಲನ್ನು ಒಕ್ಕೂಟದ ವ್ಯವಸ್ಥಾಪಕ ನಿರ್ದೇಶಕರಿಗೆ, ನಿಮ್ಮ ಕ್ಷೇತ್ರದ ಲೋಕಸಭಾ ಸದಸ್ಯರಿಗೆ, ರಾಜ್ಯದ ಪಶುಸಂಗೋಪನಾ ಸಚಿವರಿಗೆ, ಕೇಂದ್ರದ ವಾಣಿಜ್ಯ ಸಚಿವಾಲಯಕ್ಕೆ ಮತ್ತು ಪಶುಸಂಗೋಪನೆ, ಹೈನುಗಾರಿಕೆ ಸಚಿವಾಲಯಕ್ಕೆ ಕಳಿಸಿ. ಕನ್ನಡದಲ್ಲೇ ಬರೆಯಬಹುದು. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಕಡತದಲ್ಲಿ ಇಡಿ. ಲೋಕಸಭಾ ಸದಸ್ಯರು ಸಂಸತ್ತಿನಲ್ಲಿ ಪ್ರಶ್ನೆ ಕೇಳಿದರೆ ಸರ್ಕಾರ ಲಿಖಿತ ಉತ್ತರ ಕೊಡಬೇಕಾಗುತ್ತದೆ.

5. ಪಕ್ಷದ ಬಣ್ಣ ಹಚ್ಚಬೇಡಿ. ಸಂಘದಲ್ಲಿ ಎಲ್ಲ ಪಕ್ಷದ ಮನೆಯವರೂ ಹಾಲು ಹಾಕುತ್ತಾರೆ, ಕ್ಯಾನಿನಲ್ಲಿ ಎಲ್ಲರ ಹಾಲೂ ಒಂದೇ. 2019ರಲ್ಲಿ ಮಾತು ಗೆದ್ದದ್ದು ಅದು ಎಲ್ಲರ ಮಾತಾಗಿದ್ದರಿಂದ.

6. ಹಾಲಿನ ಗುಣಮಟ್ಟ ಉಳಿಸಿ. ಸುಂಕದ ಗೋಡೆ ಎಂದೆಂದಿಗೂ ಇರುತ್ತದೆಂದು ನಂಬಿ ಕೂರುವಂತಿಲ್ಲ. ಶುದ್ಧ ಹಾಲು, ಆರೋಗ್ಯವಂತ ಹಸು, ಕಡಿಮೆ ಖರ್ಚಿನ ಹಸಿರು ಮೇವು ಇವು ನಮ್ಮ ಕೈಯಲ್ಲೇ ಇರುವ ರಕ್ಷಣೆ. ಹೊರಗಿನ ಪುಡಿಗಿಂತ ಊರಿನ ತಾಜಾ ಹಾಲು ಮೇಲು ಎಂದು ಗಿರಾಕಿಗೆ ಅನ್ನಿಸುವವರೆಗೆ ನಮ್ಮ ಮಾತಿಗೂ ತೂಕವಿರುತ್ತದೆ.

ಸಭೆಯಲ್ಲಿ ಚರ್ಚಿಸಲು ಪ್ರಶ್ನೆಗಳು

1. ನಮ್ಮ ಸಂಘದ ಸದಸ್ಯರಲ್ಲಿ ಮಹಿಳೆಯರು ಎಷ್ಟು? ಹಾಲು ಕರೆಯುವವರಲ್ಲಿ ಎಷ್ಟು? ಎರಡೂ ಸಂಖ್ಯೆ ಏಕೆ ಬೇರೆ?

2. ಲೀಟರಿಗೆ 5 ರೂ. ಕಡಿಮೆಯಾದರೆ ನಿಮ್ಮ ಮನೆಯಲ್ಲಿ ಮೊದಲು ನಿಲ್ಲುವ ಖರ್ಚು ಯಾವುದು: ಹಿಂಡಿಯೇ, ಮಕ್ಕಳ ಫೀಸೇ, ಸಾಲದ ಕಂತೇ?

3. ಒಪ್ಪಂದದ ಕರಡನ್ನು ಗುಟ್ಟಾಗಿಡುವುದು ಎಷ್ಟರ ಮಟ್ಟಿಗೆ ಸರಿ? ಯಾವ ಹಂತದಲ್ಲಿ ಜನರಿಗೆ ತೋರಿಸಬೇಕು?

4. ಆಸಿಯಾನ್ ಪ್ರತಿನಿಧಿಗಳಿಗೆ ಆದಂತೆ, ನಮ್ಮ ಪರವಾಗಿ ಮಾತಾಡುವವರನ್ನು ಬೇರೆಯವರು ಆರಿಸಿದ ಸಂದರ್ಭ ನಮ್ಮ ಊರಿನಲ್ಲೂ ಇದೆಯೇ?

5. ಅಗ್ಗದ ಹಾಲು ಬೇಕೆನ್ನುವ ಪಟ್ಟಣದ ಬಡ ತಾಯಿಗೆ ನಾವು ಏನು ಉತ್ತರ ಹೇಳುತ್ತೇವೆ?

ಚರ್ಚೆಯಲ್ಲಿ ಬಂದ ಅಭಿಪ್ರಾಯಗಳನ್ನು ಸಂಘದ ಮೊಹರಿನೊಂದಿಗೆ ಒಕ್ಕೂಟದ ವಿಸ್ತರಣಾ ವಿಭಾಗಕ್ಕೆ ಕಳಿಸಿಕೊಡಿ. ಬರೆಯಲು ಬಾರದವರ ಮಾತನ್ನು ಬರೆಯಬಲ್ಲವರು ಅವರ ಹೆಸರಿನಲ್ಲೇ ಬರೆದುಕೊಡಿ. ಈ ವಿಷಯದಲ್ಲಿ ಅನುಭವದ ಮಾತು ಹೆಚ್ಚಾಗಿ ಇರುವುದು ಅವರ ಬಳಿಯೇ.